ಎರಡು ಗೆರೆಗಳ ನಡುವೆ: ಪೈಥಾನ್ ಲಿಸ್ಟನ್ನು ಕತ್ತರಿಸುವ ಲೆಕ್ಕ

(ಕನ್ನಡ ಮತ್ತು ಗಣಕ ವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳಿಗಾಗಿ ನಡೆದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಮೊದಲ ವಾರದಲ್ಲೇ ಎಡವುವ ಒಂದು ಜಾಗವಿದೆ. ಲಿಸ್ಟಿನ, ಅಂದರೆ ಅಂಶಗಳನ್ನು ಸಾಲಾಗಿ ಇಟ್ಟ ಪಟ್ಟಿಯ, ಹೆಸರು ಬರೆದು, ಚೌಕ ಆವರಣದೊಳಗೆ 4, ಕೋಲನ್, 6 ಎಂದು ಹಾಕುತ್ತಾರೆ. ನಾಲ್ಕು, ಐದು, ಆರು ಎಂದು ಮೂರು ಅಂಶಗಳು ಬರಬೇಕೆಂದು ಕಾಯುತ್ತಾರೆ. ಬರುವುದು ಎರಡೇ. ಅವೂ ನಮ್ಮ ಎಣಿಕೆಯ ಐದನೆಯದು ಮತ್ತು ಆರನೆಯದು. ಆಗ ಪಕ್ಕದಲ್ಲಿರುವವರು "ಸೊನ್ನೆಯಿಂದ ಶುರು, ಕೊನೆಯದು ಸೇರುವುದಿಲ್ಲ" ಎಂಬ ಎರಡು ನಿಯಮಗಳನ್ನು ಹೇಳಿಕೊಡುತ್ತಾರೆ. ಬಾಯಿಪಾಠವಾಗುತ್ತದೆ, ಪರೀಕ್ಷೆಯೂ ಮುಗಿಯುತ್ತದೆ. ಆದರೆ ಸಂಖ್ಯೆಗೆ ಮೈನಸ್ ಸೇರಿದ ದಿನ, ಅಥವಾ ಲಿಸ್ಟಿನ ನಡುವೆ ಹೊಸದೊಂದನ್ನು ಸೇರಿಸಬೇಕಾದ ದಿನ, ಆ ಬಾಯಿಪಾಠ ಕೈಕೊಡುತ್ತದೆ.

ಈ ಎರಡು ನಿಯಮಗಳು ಬೇರೆ ಬೇರೆಯಲ್ಲ, ಒಂದೇ ವಿಚಾರದ ಎರಡು ಮುಖಗಳು ಎಂದು ತೋರಿಸುವುದು ಇಂದಿನ ನನ್ನ ಉದ್ದೇಶ. ಆ ವಿಚಾರ ಇಷ್ಟೇ: ಸ್ಲೈಸಿನೊಳಗಿನ, ಅಂದರೆ ಹೀಗೆ ಲಿಸ್ಟನ್ನು ಕತ್ತರಿಸುವ ಬರಹದೊಳಗಿನ, ಸಂಖ್ಯೆಗಳನ್ನು ಅಂಶಗಳ ಹೆಸರೆಂದು ಓದಬಾರದು. ಅಂಶಗಳ ನಡುವಿನ ಗೆರೆಗಳ ಹೆಸರೆಂದು ಓದಬೇಕು.

ಉದಾಹರಣೆಗೆ ನಮ್ಮ ಚಾಂದ್ರಮಾನ ಮಾಸಗಳನ್ನೇ ತೆಗೆದುಕೊಂಡಿದ್ದೇನೆ. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0ರಿಂದ ಈಚೆಗೆ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಆದ್ದರಿಂದ ಇಲ್ಲಿ ಬರುವ ಸಾಲುಗಳನ್ನು ಇದ್ದ ಹಾಗೆಯೇ ಟೈಪ್ ಮಾಡಿ ನೋಡಿ, ಅವು ಓಡುತ್ತವೆ. ಅಂಕಿಗಳನ್ನು ಮಾತ್ರ 1, 2, 3 ಎಂದೇ ಬರೆಯಬೇಕು. ಕೋಡಿನಲ್ಲಿ ನೇರವಾಗಿ ಕನ್ನಡದ ಅಂಕಿ ಹಾಕಿದರೆ ಪೈಥಾನ್ ಒಪ್ಪುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ "೧೨" ಎಂದು ಪಠ್ಯವಾಗಿ ಕೊಟ್ಟು ಪೂರ್ಣಾಂಕಕ್ಕೆ ಬದಲಿಸು ಎಂದರೆ ಮಾತ್ರ ಅದನ್ನು ಸರಿಯಾಗಿ 12 ಎಂದೇ ಓದುತ್ತದೆ.

ಮಾಸ = ["ಚೈತ್ರ", "ವೈಶಾಖ", "ಜ್ಯೇಷ್ಠ", "ಆಷಾಢ", "ಶ್ರಾವಣ", "ಭಾದ್ರಪದ", "ಆಶ್ವಯುಜ", "ಕಾರ್ತಿಕ", "ಮಾರ್ಗಶಿರ", "ಪುಷ್ಯ", "ಮಾಘ", "ಫಾಲ್ಗುಣ"]

ಈ ಹನ್ನೆರಡು ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದು, ಚೈತ್ರದ ಎಡಕ್ಕೆ ಒಂದು ಗೆರೆ, ಪ್ರತಿ ಎರಡು ಮಾಸಗಳ ನಡುವೆ ಒಂದೊಂದು ಗೆರೆ, ಫಾಲ್ಗುಣದ ಬಲಕ್ಕೆ ಒಂದು ಗೆರೆ ಎಳೆಯಿರಿ. ಒಟ್ಟು ಹದಿಮೂರು ಗೆರೆಗಳಾದವು. ಎಡತುದಿಯದಕ್ಕೆ 0, ಬಲತುದಿಯದಕ್ಕೆ 12. ಪ್ರತಿ ಗೆರೆಯ ಮೇಲಿನ ಸಂಖ್ಯೆ, ಆ ಗೆರೆಯವರೆಗೆ ಎಷ್ಟು ಮಾಸಗಳು ಮುಗಿದಿವೆ ಎಂಬುದನ್ನು ಹೇಳುತ್ತದೆ. ಮಗುವಿನ ವಯಸ್ಸನ್ನು ನಾವು ಹೇಳುವ ಕ್ರಮವೂ ಇದೇ ತಾನೆ? ನಾಲ್ಕು ತುಂಬಿತು, ಐದರಲ್ಲಿ ನಡೆಯುತ್ತಿದೆ ಎನ್ನುತ್ತೇವೆ. ತುಂಬಿದ್ದು ನಾಲ್ಕು, ನಡೆಯುತ್ತಿರುವುದು ಐದನೆಯದು. ಪೈಥಾನ್ ಹಿಡಿದಿರುವುದು ತುಂಬಿದ ಲೆಕ್ಕವನ್ನು. ಶ್ರಾವಣ ನಮಗೆ ಐದನೆಯ ಮಾಸ. ಅದಕ್ಕೆ ಮುಂಚೆ ತುಂಬಿರುವುದು ನಾಲ್ಕು. ಆದ್ದರಿಂದ ಅದರ ಇಂಡೆಕ್ಸ್, ಅಂದರೆ ಸ್ಥಾನಸಂಖ್ಯೆ, 4.

ಹೀಗೆ ಓದಿಕೊಂಡರೆ ಸ್ಲೈಸ್ ತಾನಾಗಿಯೇ ತಿಳಿಯುತ್ತದೆ.

ಮಾಸ[4:6]

4ನೆಯ ಗೆರೆಯಲ್ಲಿ ಕತ್ತರಿಸು, 6ನೆಯ ಗೆರೆಯಲ್ಲಿ ಕತ್ತರಿಸು, ನಡುವೆ ಉಳಿದದ್ದನ್ನು ಕೊಡು. ಶ್ರಾವಣ, ಭಾದ್ರಪದ. ವರ್ಷ ಋತು ಕೈಗೆ ಬಂತು. ಗೆರೆಯನ್ನು ಸೇರಿಸಿಕೊಳ್ಳುವುದು, ಬಿಡುವುದು ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ.

ಈಗ ಆರು ಋತುಗಳನ್ನೂ ಬರೆದು ನೋಡಿ: ವಸಂತಕ್ಕೆ ಮಾಸ[0:2], ಗ್ರೀಷ್ಮಕ್ಕೆ ಮಾಸ[2:4], ವರ್ಷಕ್ಕೆ ಮಾಸ[4:6], ಶರತ್ತಿಗೆ ಮಾಸ[6:8], ಹೇಮಂತಕ್ಕೆ ಮಾಸ[8:10], ಶಿಶಿರಕ್ಕೆ ಮಾಸ[10:12]. ಒಂದು ಋತು ಮುಗಿಯುವ ಸಂಖ್ಯೆಯಲ್ಲೇ ಮುಂದಿನದು ಆರಂಭವಾಗುತ್ತದೆ. ಎಲ್ಲಿಯೂ ಒಂದು ಕೂಡಿಸುವ, ಒಂದು ಕಳೆಯುವ ಕೆಲಸವಿಲ್ಲ. ಎರಡು ಸಂಖ್ಯೆಗಳ ವ್ಯತ್ಯಾಸವೇ ತುಂಡಿನ ಉದ್ದ. ಶ್ರಾವಣದಿಂದ ನಾಲ್ಕು ತಿಂಗಳು ಬೇಕೆಂದರೆ ಮಾಸ[4:4+4] ಎಂದರಾಯಿತು. ಎರಡೂ ತುದಿಗಳು ಸೇರುವ ಪದ್ಧತಿಯಿದ್ದು ಒಂದರಿಂದ ಎಣಿಸಿದ್ದರೆ ಇದೇ ಪಟ್ಟಿ 1ರಿಂದ 2, 3ರಿಂದ 4, 5ರಿಂದ 6 ಎಂದಾಗುತ್ತಿತ್ತು. ಓದಲು ಸಲೀಸು, ನಿಜ. ಆದರೆ ಉದ್ದ ಬೇಕೆಂದಾಗಲೆಲ್ಲ ಕಳೆದು ಒಂದು ಕೂಡಿಸಬೇಕು, ಮುಂದಿನ ತುಂಡಿಗೆ ಹೋಗುವಾಗಲೆಲ್ಲ ಒಂದು ಕೂಡಿಸಬೇಕು. ಆ ಒಂದನ್ನು ಮರೆತಲ್ಲಿ ತಪ್ಪು ಹುಟ್ಟುತ್ತದೆ.

ಇದು ನನ್ನ ಸ್ವಂತ ವಾದವೇನಲ್ಲ. ಡಚ್ ಗಣಕ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ 1982ರ ಆಗಸ್ಟ್ 11ರಂದು ಕೈಬರಹದಲ್ಲಿ ಬರೆದ ಒಂದು ಚಿಕ್ಕ ಟಿಪ್ಪಣಿಯಲ್ಲಿ ಇದನ್ನೇ ಚರ್ಚಿಸಿದ್ದಾರೆ. ಅವರ ಟಿಪ್ಪಣಿಗಳ ಸರಣಿಯಲ್ಲಿ ಅದರ ಸಂಖ್ಯೆ 831. ಎರಡರಿಂದ ಹನ್ನೆರಡರವರೆಗಿನ ಸಂಖ್ಯೆಗಳನ್ನು ಗುರುತಿಸಲು ನಾಲ್ಕು ಬಗೆಗಳಿವೆ ಎಂದು ಅವರು ತೋರಿಸುತ್ತಾರೆ: ಎರಡೂ ತುದಿ ಸೇರಿಸಿ, ಎರಡೂ ತುದಿ ಬಿಟ್ಟು, ಎಡತುದಿ ಮಾತ್ರ ಸೇರಿಸಿ, ಬಲತುದಿ ಮಾತ್ರ ಸೇರಿಸಿ. ಒಂದು ತುದಿ ಸೇರಿ ಇನ್ನೊಂದು ಸೇರದ ಬಗೆಗಳಲ್ಲಿ ಮಾತ್ರ ವ್ಯತ್ಯಾಸವೇ ಉದ್ದವಾಗುತ್ತದೆ, ಅಕ್ಕಪಕ್ಕದ ತುಂಡುಗಳು ಒಂದೇ ಸಂಖ್ಯೆಯಲ್ಲಿ ಕೂಡುತ್ತವೆ. ಆ ಎರಡರಲ್ಲೂ ಎಡತುದಿಯನ್ನು ಬಿಡುವ ಬಗೆಯಲ್ಲಿ, ಸೊನ್ನೆಯಿಂದ ಶುರುವಾಗುವ ಸರಣಿಯನ್ನು ಹೇಳಲು ಮೈನಸ್ ಒಂದಕ್ಕೆ ಇಳಿಯಬೇಕಾಗುತ್ತದೆ. ಉಳಿದದ್ದು ಎಡತುದಿ ಸೇರುವ, ಬಲತುದಿ ಸೇರದ ಬಗೆ. ಅದನ್ನು ಒಪ್ಪಿದ ಮೇಲೆ ಒಂದರಿಂದ ಎಣಿಸಿದರೆ ಹನ್ನೆರಡು ಅಂಶಗಳ ವ್ಯಾಪ್ತಿ 1ರಿಂದ 13 ಆಗುತ್ತದೆ, ಸೊನ್ನೆಯಿಂದ ಎಣಿಸಿದರೆ 0ಯಿಂದ 12. ಎರಡನೆಯದು ಚೆಂದ ಎಂದು ಅವರು ತೀರ್ಮಾನಿಸುತ್ತಾರೆ. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದ ಮೆಸಾ ಭಾಷೆಯಲ್ಲಿ ನಾಲ್ಕೂ ಬಗೆಗಳಿಗೆ ಅವಕಾಶವಿತ್ತು. ಉಳಿದ ಮೂರನ್ನು ಬಳಸಿದಾಗ ತಪ್ಪುಗಳು ನುಸುಳಿದವೆಂಬ ಅನುಭವವನ್ನೂ ಅವರು ಅಲ್ಲಿ ದಾಖಲಿಸಿದ್ದಾರೆ.

ಡೈಕ್‌ಸ್ಟ್ರಾ 1952ರಿಂದ 1962ರವರೆಗೆ ದುಡಿದದ್ದು ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ. ಅದೇ ಸಂಸ್ಥೆ ಮುಂದೆ ಹೆಸರು ಬದಲಿಸಿಕೊಂಡಿತು. ಪೈಥಾನ್ ಹುಟ್ಟಿದ್ದೂ ಅಲ್ಲೇ. ಗಿಡೋ ವಾನ್ ರೋಸಮ್ 1991ರ ಫೆಬ್ರುವರಿಯಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರಗೆ ಬಿಟ್ಟರು. ಅದಕ್ಕೂ ಮುಂಚೆ ಅವರು ಅಲ್ಲಿ ಕೆಲಸ ಮಾಡಿದ್ದ ಎಬಿಸಿ ಎಂಬ ಭಾಷೆಯಲ್ಲಿ ಎಣಿಕೆ ಒಂದರಿಂದಲೇ ಇತ್ತು. ಅದನ್ನು ಬಿಟ್ಟು ಸೊನ್ನೆಯನ್ನು ಆರಿಸಿದ್ದೇಕೆ ಎಂಬುದಕ್ಕೆ ಅವರು 2013ರಲ್ಲಿ ಉತ್ತರ ಬರೆದರು. ಒಂದು ಮುಖ್ಯ ಕಾರಣ ಸ್ಲೈಸಿಂಗೇ. ಮೊದಲ ಇಷ್ಟು ಅಂಶಗಳು ಬೇಕು, ಇಲ್ಲಿಂದ ಮುಂದೆ ಇಷ್ಟು ಅಂಶಗಳು ಬೇಕು ಎಂಬ ದಿನನಿತ್ಯದ ಎರಡು ಕೆಲಸಗಳನ್ನು ಕೂಡು-ಕಳೆಯುವ ಗೊಡವೆಯಿಲ್ಲದೆ ಬರೆಯಲು ಆಗಬೇಕು ಎಂಬುದು ಅವರ ಆಸೆ. ನನಗೆ ಇದು ತುಂಬ ಮುಖ್ಯವಾಗಿ ಕಾಣುತ್ತದೆ. ಸೊನ್ನೆಯಿಂದ ಎಣಿಸುವುದನ್ನು ಯಂತ್ರದ ಹಟವೆಂದು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಪೈಥಾನಿನಲ್ಲಿ ಅದು ಬರೆಯುವವರ ಅನುಕೂಲಕ್ಕಾಗಿ ಮಾಡಿದ ಆಯ್ಕೆ ಎಂದು ತಿಳಿದರೆ ಕಲಿಯುವವರ ಮನಸ್ಸೇ ಬೇರೆಯಾಗುತ್ತದೆ.

ಎಲ್ಲ ಭಾಷೆಗಳೂ ಹೀಗೇ ಇವೆ ಎಂದುಕೊಳ್ಳಬೇಡಿ. ಮ್ಯಾಟ್‌ಲ್ಯಾಬ್, ಆರ್, ಜೂಲಿಯಾ ಒಂದರಿಂದ ಎಣಿಸುತ್ತವೆ, ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತವೆ. ಪೈಥಾನಿನೊಳಗೇ, ದತ್ತಾಂಶದ ಕೋಷ್ಟಕಗಳಿಗೆ ಬಳಸುವ ಪಾಂಡಾಸ್ ಲೈಬ್ರರಿಯಲ್ಲಿ ಸ್ಥಾನ ಹಿಡಿದು ಕತ್ತರಿಸಿದರೆ ಕೊನೆಯದು ಸೇರುವುದಿಲ್ಲ, ಹೆಸರು ಹಿಡಿದು ಕತ್ತರಿಸಿದರೆ ಸೇರುತ್ತದೆ. ಹೆಸರಿಗೂ ಗೆರೆಗೂ ಇರುವ ವ್ಯತ್ಯಾಸ ಗೊತ್ತಿದ್ದರೆ ಇದರಲ್ಲಿ ಗೊಂದಲವಿಲ್ಲ.

ಒಂದು ಕಡೆಯ ಸಂಖ್ಯೆಯನ್ನು ಬಿಟ್ಟರೆ ಆ ಕಡೆಯ ತುದಿ ಎಂದರ್ಥ. ಮಾಸ[:6] ಮೊದಲ ಆರು, ಮಾಸ[6:] ಉಳಿದ ಆರು. ಎರಡನ್ನೂ ಕೂಡಿಸಿದರೆ ಮೂಲ ಲಿಸ್ಟೇ ಮರಳಿ ಬರುತ್ತದೆ, 6ರ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ.

ಮೈನಸ್ ಸಂಖ್ಯೆಗಳು ಅದೇ ಗೆರೆಗಳನ್ನು ಬಲದಿಂದ ಎಣಿಸುತ್ತವೆ. ಮಾಸ[-2:] ಎಂದರೆ ಮಾಘ, ಫಾಲ್ಗುಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಎಡತುದಿಯ ಗೆರೆಗೆ 0 ಎಂಬ ಹೆಸರಿದೆ. ಬಲತುದಿಯ ಗೆರೆಗೆ ಅದೇ ನ್ಯಾಯದಲ್ಲಿ ಮೈನಸ್ ಸೊನ್ನೆ ಎಂಬ ಹೆಸರು ಇರಬೇಕಿತ್ತು. ಪೂರ್ಣಾಂಕಗಳಲ್ಲಿ ಹಾಗೊಂದು ಸಂಖ್ಯೆ ಇಲ್ಲ. ಮೈನಸ್ ಸೊನ್ನೆಯೂ ಸೊನ್ನೆಯೇ. ಪರಿಣಾಮ ಏನೆಂದು ನೋಡಿ:

ಎಷ್ಟು = 0
ಮಾಸ[-ಎಷ್ಟು:]

ಕೊನೆಯ ಸೊನ್ನೆ ಮಾಸಗಳನ್ನು ಕೊಡು ಎಂದು ಕೇಳಿದೆವು. ಖಾಲಿ ಲಿಸ್ಟ್ ಬರಬೇಕು. ಬರುವುದು ಹನ್ನೆರಡೂ ಮಾಸಗಳು. ಸಂಖ್ಯೆಯನ್ನು ನಾವೇ ಕೈಯಿಂದ ಬರೆಯುವಾಗ ಯಾರೂ ಹೀಗೆ ಬರೆಯುವುದಿಲ್ಲ. ಅದು ಬೇರೆಲ್ಲಿಂದಲೋ ಲೆಕ್ಕವಾಗಿ ಬಂದಾಗ, ಎಂದೋ ಒಮ್ಮೆ ಸೊನ್ನೆಯಾದಾಗ, ಯಾವ ಎರರ್ ಸಂದೇಶವೂ ಇಲ್ಲದೆ ಪೂರ್ತಿ ಪಟ್ಟಿ ಮುಂದಿನ ಹಂತಕ್ಕೆ ಹೋಗಿಬಿಡುತ್ತದೆ. ವೇರಿಯಬಲ್ ಮುಂದೆ ಮೈನಸ್ ಹಾಕಿ ಸ್ಲೈಸ್ ಮಾಡುವಾಗಲೆಲ್ಲ ಈ ಪ್ರಶ್ನೆ ಕೇಳಿಕೊಳ್ಳಿ: ಇದು ಸೊನ್ನೆಯಾದರೆ? ಲಿಸ್ಟಿನ ಉದ್ದದಿಂದ ಕಳೆದು ಮಾಸ[12-ಎಷ್ಟು:] ಎಂದು ಬರೆದರೆ ಈ ಅಪಾಯವಿಲ್ಲ.

ಇನ್ನೊಂದು ಸಂಗತಿ, ಮಾಸಗಳು ಚಕ್ರದಂತೆ ಸುತ್ತುತ್ತವೆ, ಲಿಸ್ಟ್ ಸುತ್ತುವುದಿಲ್ಲ. ಮಾಘದಿಂದ ವೈಶಾಖದವರೆಗೆ ಬೇಕೆಂದು ಮಾಸ[-2:2] ಬರೆದರೆ ಸಿಗುವುದು ಖಾಲಿ ಲಿಸ್ಟ್. ಮೈನಸ್ ಎರಡು ಎಂದರೆ 10ನೆಯ ಗೆರೆ; ಅಲ್ಲಿಂದ ಬಲಕ್ಕೆ ಹೋದರೆ 2ನೆಯ ಗೆರೆ ಸಿಗುವುದೇ ಇಲ್ಲ. ಮಾಸ[10:14] ಬರೆದರೂ ಅಷ್ಟೆ, ಎರಡು ಮಾಸ ಕೊಟ್ಟು ಸುಮ್ಮನಾಗುತ್ತದೆ. ಬೇಕಾದದ್ದು ಮಾಸ[10:] + ಮಾಸ[:2].

ಈ ಸುಮ್ಮನಾಗುವ ಗುಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮಾಸ[12] ಎಂದು ಒಂದೇ ಅಂಶ ಕೇಳಿದರೆ ಪೈಥಾನ್ ತಕರಾರು ಮಾಡುತ್ತದೆ, ಕೆಲಸ ನಿಲ್ಲಿಸುತ್ತದೆ. ಮಾಸ[12:] ಎಂದರೆ ತಕರಾರಿಲ್ಲ, ಖಾಲಿ ಲಿಸ್ಟ್. ಹನ್ನೆರಡನೆಯ ಗೆರೆ ಇದೆ, ಅದರಾಚೆ ಏನೂ ಇಲ್ಲ, ಅಷ್ಟೇ. ಇದು ಸರಿಯಾದ ನಡವಳಿಕೆ. ಮಾಸ[50:60] ಕೂಡ ಖಾಲಿ ಲಿಸ್ಟನ್ನೇ ಕೊಡುತ್ತದಲ್ಲ, ಅಲ್ಲಿ ಎಚ್ಚರ ನಮ್ಮದು. ಇಷ್ಟು ಅಂಶಗಳು ಇರಲೇಬೇಕು ಎಂಬ ಕಡೆ, ಕತ್ತರಿಸಿದ ಮೇಲೆ ಉದ್ದವನ್ನು ಒಮ್ಮೆ ಪರೀಕ್ಷಿಸಿ ಮುಂದೆ ಹೋಗುವುದು ಒಳ್ಳೆಯದು.

ಈಗ ಗೆರೆಯ ವಿಚಾರಕ್ಕೆ ನಿಜವಾದ ಬೆಲೆ ಬರುವ ಜಾಗಕ್ಕೆ ಬರೋಣ. 2023ರಲ್ಲಿ, ಶೋಭಕೃತ್ ಸಂವತ್ಸರದಲ್ಲಿ, ಅಧಿಕ ಶ್ರಾವಣ ಬಂದಿತ್ತು. ಅಧಿಕ ಮಾಸ ನಿಜ ಮಾಸಕ್ಕಿಂತ ಮುಂಚೆ ಬರುತ್ತದೆ. ಆ ವರ್ಷಕ್ಕೆ ಹದಿಮೂರು ಮಾಸಗಳು. ನಮ್ಮ ಲಿಸ್ಟಿನಲ್ಲಿ ಆಷಾಢಕ್ಕೂ ಶ್ರಾವಣಕ್ಕೂ ನಡುವೆ ಒಂದು ಹೆಸರನ್ನು ಸೇರಿಸಬೇಕು. ಆ ನಡುವಿನ ಗೆರೆಯ ಸಂಖ್ಯೆ 4.

ಮಾಸ[4:4] = ["ಅಧಿಕ ಶ್ರಾವಣ"]

4ರಿಂದ 4ರವರೆಗೆ ಏನೂ ಇಲ್ಲ. ಆದರೆ ಆ ಏನೂ ಇಲ್ಲದಕ್ಕೊಂದು ನಿಶ್ಚಿತ ಜಾಗವಿದೆ. ಅಲ್ಲಿಗೆ ಹೊಸ ಲಿಸ್ಟನ್ನು ಇಟ್ಟರೆ ಶ್ರಾವಣದಿಂದ ಮುಂದಿನ ಎಲ್ಲವೂ ಬಲಕ್ಕೆ ಸರಿದು ದಾರಿ ಬಿಡುತ್ತವೆ. ಸ್ಲೈಸಿಗೆ ಬೆಲೆ ಕೊಡುವಾಗ ತೆಗೆಯುವಷ್ಟನ್ನೇ ಇಡಬೇಕೆಂಬ ನಿರ್ಬಂಧವಿಲ್ಲ. ಎರಡು ತೆಗೆದು ಐದು ಇಡಬಹುದು, ಐದು ತೆಗೆದು ಒಂದನ್ನೂ ಇಡದಿರಬಹುದು. ವರ್ಷ ಕಳೆದ ಮೇಲೆ ಮಾಸ[4:5] = [] ಎಂದರೆ ಅಧಿಕ ಮಾಸ ಹೋಗಿ ಮತ್ತೆ ಹನ್ನೆರಡು. "ಕೊನೆಯದು ಸೇರುವುದಿಲ್ಲ" ಎಂಬ ನಿಯಮವನ್ನಷ್ಟೇ ಕಲಿತವರಿಗೆ ಮಾಸ[4:4] ಅರ್ಥವಿಲ್ಲದ ಬರಹವಾಗಿ ಕಾಣುತ್ತದೆ. ಗೆರೆಗಳನ್ನು ಕಂಡವರಿಗೆ ಅದು ಸಹಜ.

ಬಲಗಡೆಯ ಚೌಕ ಆವರಣವನ್ನು ಮಾತ್ರ ಮರೆಯಬೇಡಿ. ಅದಿಲ್ಲದೆ ಬರೀ "ಅಧಿಕ ಶ್ರಾವಣ" ಎಂಬ ಪಠ್ಯವನ್ನು ಇಟ್ಟರೆ ಪೈಥಾನ್ ಅದನ್ನೂ ಒಂದು ಸರಣಿಯೆಂದೇ ತಿಳಿದು ಬಿಡಿಸಿ ಸೇರಿಸುತ್ತದೆ. ಲಿಸ್ಟಿಗೆ ಒಂದರ ಬದಲು ಹನ್ನೊಂದು ಅಂಶಗಳು ಸೇರಿ ಒಟ್ಟು ಇಪ್ಪತ್ತಮೂರಾಗುತ್ತವೆ. ಅವುಗಳಲ್ಲಿ ಗುಡಿಸೊಂದು ಒಂಟಿಯಾಗಿ, ದೀರ್ಘವೊಂದು ಒಂಟಿಯಾಗಿ, ವಿರಾಮ ಚಿಹ್ನೆಯೊಂದು (ವ್ಯಂಜನದ ಸ್ವರವನ್ನು ತೆಗೆಯುವ ಗುರುತು) ಒಂಟಿಯಾಗಿ ನಿಂತಿರುತ್ತವೆ. ಹೀಗೇಕೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಕಲಿನ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೇರೆ = ಮಾಸ ಎಂದರೆ ಒಂದೇ ಲಿಸ್ಟಿಗೆ ಎರಡು ಹೆಸರು. ಬೇರೆ = ಮಾಸ[:] ಎಂದರೆ ಹೊಸ ಲಿಸ್ಟ್; ಅದಕ್ಕೆ ಅಧಿಕ ಮಾಸ ಸೇರಿಸಿದರೆ ಮೂಲ ಕದಲುವುದಿಲ್ಲ. ಲಿಸ್ಟಿನೊಳಗೆ ಲಿಸ್ಟುಗಳಿದ್ದರೆ ಒಳಗಿನವು ಮಾತ್ರ ಎರಡಕ್ಕೂ ಸಾಮಾನ್ಯವಾಗಿಯೇ ಉಳಿಯುತ್ತವೆ. ಸಂಖ್ಯಾ ಗಣನೆಯ ಲೈಬ್ರರಿಯಾದ ನಂಪೈ ಬಳಸುವವರು ಗಮನಿಸಿ: ಅಲ್ಲಿ ಸ್ಲೈಸ್ ನಕಲಲ್ಲ, ತುಂಡನ್ನು ತಿದ್ದಿದರೆ ಮೂಲವೂ ತಿದ್ದುತ್ತದೆ.

ಸ್ಲೈಸಿನಲ್ಲಿ ಇನ್ನೊಂದು ಕೋಲನ್ ಹಾಕಿ ಬರೆಯುವ ಮೂರನೆಯ ಸಂಖ್ಯೆ ಸ್ಟೆಪ್, ಅಂದರೆ ಎಷ್ಟು ಹೆಜ್ಜೆಗೆ ಒಂದು ಅಂಶ ಎಂಬುದು. ಇದು ಮೊದಲಿನಿಂದ ಇರಲಿಲ್ಲ. ಸಂಖ್ಯಾ ಗಣನೆ ಮಾಡುವವರ ಬೇಡಿಕೆಯಿಂದ ಪೈಥಾನ್ 1.4ರಲ್ಲಿ ಈ ಬರಹಕ್ಕೆ ಜಾಗ ಸಿಕ್ಕಿತು. ಸಾಮಾನ್ಯ ಲಿಸ್ಟುಗಳಿಗೆ ಬಂದದ್ದು 2003ರ 2.3 ಆವೃತ್ತಿಯಲ್ಲಿ. ಮಾಸ[::2] ಎಂದರೆ ಪ್ರತಿ ಋತುವಿನ ಮೊದಲ ಮಾಸ. ಕನ್ನಡ ವಿಭಾಗದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಷಟ್ಪದಿ. ಷಟ್ಪದಿಯ ಆರು ಸಾಲುಗಳಲ್ಲಿ 1, 2, 4, 5 ಸಮ. 3 ಮತ್ತು 6 ಉದ್ದ. ಭಾಮಿನಿಯಲ್ಲಾದರೆ ಗಿಡ್ಡ ಸಾಲಿಗೆ 3, 4, 3, 4ರ ಗಣಗಳಲ್ಲಿ 14 ಮಾತ್ರೆ. ಉದ್ದ ಸಾಲಿಗೆ ಅದರ ಒಂದೂವರೆ ಪಟ್ಟು ಮತ್ತು ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಒಂದು ಪದ್ಯದ ಸಾಲುಗಳನ್ನು ಪದ್ಯ ಎಂಬ ಲಿಸ್ಟಿನಲ್ಲಿ ಇಟ್ಟರೆ, ಉದ್ದ ಸಾಲುಗಳೆರಡೂ ಒಟ್ಟಿಗೆ ಹೀಗೆ ಸಿಗುತ್ತವೆ:

ಪದ್ಯ[2::3]

2ನೆಯ ಗೆರೆಯಿಂದ ಹೊರಟು ಮೂರು ಮೂರು ಹೆಜ್ಜೆಗೆ ಒಂದನ್ನು ಎತ್ತಿಕೊಳ್ಳುತ್ತದೆ. ಒಂದು ಕಾವ್ಯದ ಎಲ್ಲ ಪದ್ಯಗಳನ್ನೂ ಸಾಲು ಬಿಡದೆ ಒಂದೇ ಲಿಸ್ಟಿಗೆ ಸುರಿದಿದ್ದರೂ ಈ ಒಂದು ಬರಹ ಸಾಕು, ಆರೂ ಸಾಲುಗಳು ಪ್ರತಿ ಪದ್ಯದಲ್ಲೂ ಸರಿಯಾಗಿದ್ದರೆ. ಎಲ್ಲೋ ಒಂದು ಸಾಲು ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದೆ ಗಿಡ್ಡ ಸಾಲುಗಳು ಬರತೊಡಗುತ್ತವೆ. ಅದೇ ಒಂದು ಪರೀಕ್ಷೆಯಾಗಿಯೂ ಕೆಲಸಕ್ಕೆ ಬರುತ್ತದೆ.

ಸ್ಟೆಪ್ ಮೈನಸ್ ಆದರೆ ಹಿಮ್ಮುಖ. ಮಾಸ[::-1] ಫಾಲ್ಗುಣದಿಂದ ಚೈತ್ರಕ್ಕೆ ಬರುತ್ತದೆ. ಆದರೆ ಹಿಮ್ಮುಖದ ಜೊತೆಗೆ ತುದಿಗಳನ್ನೂ ಕೊಡಲು ಹೋದರೆ ನಮ್ಮ ಗೆರೆಗಳ ಚಿತ್ರ ಕೆಡುತ್ತದೆ. ಮಾಸ[5:0:-1] ಭಾದ್ರಪದದಿಂದ ಹಿಂದಕ್ಕೆ ಬಂದು ವೈಶಾಖಕ್ಕೇ ನಿಲ್ಲುತ್ತದೆ, ಚೈತ್ರ ಬರುವುದಿಲ್ಲ. ಚೈತ್ರವೂ ಬೇಕೆಂದು 0ಯ ಬದಲು -1 ಹಾಕಿದರೆ ಅದು ಕೊನೆಯ ಅಂಶದಿಂದ ಎಣಿಸಿದ ಸ್ಥಾನವಾಗಿ ಖಾಲಿ ಲಿಸ್ಟ್ ಬರುತ್ತದೆ. ಆದ್ದರಿಂದ ಮೊದಲು ಕತ್ತರಿಸಿ, ಆಮೇಲೆ ತಿರುಗಿಸಿ ಎಂಬುದು ನನ್ನ ಸಲಹೆ: ಮಾಸ[:6][::-1]. ಒಂದು ಆವರಣ ಹೆಚ್ಚಾದರೂ ಓದುವವರಿಗೆ ತಲೆನೋವಿಲ್ಲ.

ಕೊನೆಯ ವಿಚಾರ, ನನ್ನ ಮಟ್ಟಿಗೆ ಇಂದಿನ ಎಲ್ಲಕ್ಕಿಂತ ಮುಖ್ಯವಾದದ್ದು. ಸ್ಲೈಸಿಂಗ್ ಪಠ್ಯಕ್ಕೂ ನಡೆಯುತ್ತದೆ. "ಕರ್ನಾಟಕ" ಎಂಬುದರಲ್ಲಿ ಎಷ್ಟು ಅಕ್ಷರ? ನಾಲ್ಕು: ಕ, ರ್ನಾ, ಟ, ಕ. ಪೈಥಾನ್ ಏಳು ಎನ್ನುತ್ತದೆ. ಅದು ಎಣಿಸುವುದು ಯುನಿಕೋಡಿನ ಕೋಡ್ ಪಾಯಿಂಟುಗಳನ್ನು, ಅಂದರೆ ಗಣಕದಲ್ಲಿ ಲಿಪಿಯ ಒಂದೊಂದು ಚಿಹ್ನೆಗೂ ಕೊಟ್ಟಿರುವ ಸಂಖ್ಯೆಗಳನ್ನು: ಕ, ರ, ವಿರಾಮ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ. ಕಾಗದದ ಮೇಲೆ ಅರ್ಕಾವತ್ತು ನಾ ಆದ ಮೇಲೆ ಬರುತ್ತದೆ, ಸ್ಮೃತಿಯಲ್ಲಿ ರ ಮೊದಲು ಕುಳಿತಿರುತ್ತದೆ.

ನಾಡು = "ಕರ್ನಾಟಕ"
ನಾಡು[:2]
ನಾಡು[:3]
ನಾಡು[::-1]

ಮೊದಲನೆಯದಕ್ಕೆ ಬರುವುದು "ಕರ". ಎರಡನೆಯದಕ್ಕೆ "ಕರ್". ಮೂರನೆಯದಕ್ಕೆ "ಕಟಾನ್ರಕ". ದೀರ್ಘ ನ ಬಿಟ್ಟು ಟ ಹಿಡಿಯಿತು, ರ್ನ ಹೋಗಿ ನ್ರ ಆಯಿತು. ಪೈಥಾನಿನದು ತಪ್ಪಿಲ್ಲ, ಅದು ತನ್ನ ಗೆರೆಗಳಲ್ಲೇ ಕತ್ತರಿಸಿದೆ. ಅದರ ಗೆರೆಗಳು ಕೋಡ್ ಪಾಯಿಂಟುಗಳ ನಡುವೆ ಇವೆ, ನಮ್ಮ ಗೆರೆಗಳು ಅಕ್ಷರಗಳ ನಡುವೆ. ಹೆಸರನ್ನು ಮೊದಲ ಇಷ್ಟು ಅಕ್ಷರಗಳಿಗೆ ಮೊಟಕುಗೊಳಿಸುವ ಪ್ರೋಗ್ರಾಂ ಇಂಗ್ಲಿಷಿನಲ್ಲಿ ಚೆನ್ನಾಗಿ ನಡೆದು ಕನ್ನಡದಲ್ಲಿ ಒತ್ತಕ್ಷರವನ್ನು ಅರ್ಧಕ್ಕೆ ತುಂಡರಿಸುವುದು ಈ ಕಾರಣಕ್ಕೆ. ನಮ್ಮ ಭಾಷೆಗೆ ಸಾಫ್ಟ್‌ವೇರ್ ಬರೆಯುವವರು ಇದನ್ನು ಸಣ್ಣ ದೋಷವೆಂದು ಬದಿಗಿಡಬಾರದು. ಒಬ್ಬರ ಹೆಸರು ಅರ್ಧ ಅಕ್ಷರದಲ್ಲಿ ನಿಂತರೆ ಅದು ಅವರ ಹೆಸರೇ ಅಲ್ಲ.

ಪರಿಹಾರ ಕಷ್ಟದ್ದಲ್ಲ. ಪಠ್ಯವನ್ನು ಕತ್ತರಿಸುವ ಮುಂಚೆ ಅಕ್ಷರಗಳ ಲಿಸ್ಟ್ ಮಾಡಿಕೊಳ್ಳಬೇಕು. ಒಂದೊಂದೇ ಕೋಡ್ ಪಾಯಿಂಟನ್ನು ನೋಡುತ್ತ ಹೋಗಿ. ಅದು ಸ್ವರಚಿಹ್ನೆಯೋ, ಅನುಸ್ವಾರವೋ, ವಿಸರ್ಗವೋ, ವಿರಾಮವೋ ಆಗಿದ್ದರೆ ಲಿಸ್ಟಿನ ಕೊನೆಯ ಅಂಶಕ್ಕೆ ಅಂಟಿಸಿ. ಅದು ವ್ಯಂಜನವಾಗಿದ್ದು ಹಿಂದಿನದು ವಿರಾಮವಾಗಿದ್ದರೂ ಅಂಟಿಸಿ. ಬೇರೆ ಏನೇ ಆಗಿದ್ದರೂ ಹೊಸ ಅಂಶವಾಗಿ ಸೇರಿಸಿ. ನಾಡು ಎಂಬುದು ["ಕ", "ರ್ನಾ", "ಟ", "ಕ"] ಆಗುತ್ತದೆ. ಈಗ ತಿರುಗಿಸಿ ಜೋಡಿಸಿದರೆ "ಕಟರ್ನಾಕ", ಯಾವ ಅಕ್ಷರಕ್ಕೂ ಗಾಯವಿಲ್ಲದೆ.

ಈ ಲಿಸ್ಟ್ ಸಿಕ್ಕ ಮೇಲೆ ಛಂದಸ್ಸಿನ ಎಷ್ಟೋ ಕೆಲಸಗಳು ಸ್ಥಾನದ ಲೆಕ್ಕಕ್ಕೆ ಇಳಿಯುತ್ತವೆ. ಆದಿಪ್ರಾಸ ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಎರಡನೆಯ ಅಕ್ಷರ 1ನೆಯ ಮತ್ತು 2ನೆಯ ಗೆರೆಗಳ ನಡುವೆ ಇದೆ. ಒಂದು ಸಾಲಿನ ಅಕ್ಷರಗಳ ಲಿಸ್ಟಿಗೆ ಅಕ್ಷರ ಎಂದು ಹೆಸರಿಟ್ಟರೆ, ಅದನ್ನು ಅಕ್ಷರ[1] ಎಂದೂ ಕೇಳಬಹುದು, ಅಕ್ಷರ[1:2] ಎಂದೂ ಕೇಳಬಹುದು. ಟೈಪ್ ಮಾಡಿದ ಪಠ್ಯದಲ್ಲಿ ಖಾಲಿ ಸಾಲುಗಳು, ಒಂದಂಕಿಯ ಪದ್ಯಸಂಖ್ಯೆ ಮಾತ್ರ ಇರುವ ಸಾಲುಗಳು ಇದ್ದೇ ಇರುತ್ತವೆ. ಅಂಥ ಕಡೆ ಮೊದಲನೆಯದು ಕೆಲಸ ನಿಲ್ಲಿಸುತ್ತದೆ, ಎರಡನೆಯದು ಖಾಲಿ ಕೊಟ್ಟು ಮುಂದುವರಿಯುತ್ತದೆ. ಪಠ್ಯ ಇನ್ನೂ ಕಚ್ಚಾ ಇರುವಾಗ ಎರಡನೆಯದನ್ನು ಬಳಸಿ, ಖಾಲಿ ಬಂದ ಸಾಲುಗಳನ್ನು ಪಟ್ಟಿ ಮಾಡಿ ತಿದ್ದಿ. ತಿದ್ದಿದ ಮೇಲೆ ಮೊದಲನೆಯದನ್ನು ಬಳಸಿ, ಏಕೆಂದರೆ ಆಗ ನಿಲ್ಲುವುದೇ ಸರಿ.

ಮಧ್ಯಾಹ್ನದ ಅವಧಿಯಲ್ಲಿ ಇದನ್ನೇ ಮಾಡೋಣ. ಕನ್ನಡ ವಿಭಾಗದವರು ತಮಗೆ ಬಾಯಿಗೆ ಬರುವ ಒಂದೊಂದು ಷಟ್ಪದಿಯನ್ನು ಆರು ಸಾಲುಗಳಲ್ಲಿ ಟೈಪ್ ಮಾಡಿಡಲಿ. ಗಣಕ ವಿಭಾಗದವರು ಅಕ್ಷರ ಬಿಡಿಸುವ ಫಂಕ್ಷನ್ ಬರೆಯಲಿ. ಪದ್ಯ[2::3]ರಿಂದ ಉದ್ದ ಸಾಲುಗಳನ್ನು ತೆಗೆದು ಮಾತ್ರೆ ಎಣಿಸಿ, ಆರೂ ಸಾಲುಗಳ ಎರಡನೆಯ ಅಕ್ಷರವನ್ನು ತೆಗೆದು ಪ್ರಾಸ ನೋಡಿ. ಎರಡನೆಯ ಅಕ್ಷರ ಒತ್ತಕ್ಷರವಾಗಿದ್ದರೆ ಅದರ ಮೊದಲ ಕೋಡ್ ಪಾಯಿಂಟನ್ನಷ್ಟೇ ಹೋಲಿಸಿದರೆ ಸಾಲದು, ಸ್ವರಚಿಹ್ನೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೋಲಿಸಬೇಕು. ಆ ಸ್ವರಚಿಹ್ನೆಯನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ಎರಡೂ ವಿಭಾಗದವರು ಒಟ್ಟಿಗೆ ಕುಳಿತು ನಿರ್ಧರಿಸಿ.